ತುಂಬದ ಮೂತ್ರಕೋಶದ ಅವಸರ

ನಾನು ಜೀವಶಾಸ್ತ್ರದ ಮೇಡಂ. ಮೂತ್ರಕೋಶ ಎಂಬ ಪದವನ್ನು ನನ್ನಷ್ಟು ಸಲ ಗಟ್ಟಿಯಾಗಿ ಹೇಳಿದ ಹೆಂಗಸು ದಾವಣಗೆರೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಪ್ರತಿ ವರ್ಷ ಪ್ರಥಮ ಪಿಯುಸಿ ಮಕ್ಕಳಿಗೆ ಬೋರ್ಡಿನ ಮೇಲೆ ಒಂದು ಚೀಲ ಬರೆಯುತ್ತಿದ್ದೆ. ಚೀಲ ತುಂಬುತ್ತದೆ, ಗೋಡೆ ಹಿಗ್ಗುತ್ತದೆ, ಹಿಗ್ಗಿದ ಸುದ್ದಿ ನರದಲ್ಲಿ ಬೆನ್ನುಹುರಿಗೆ ಹೋಗುತ್ತದೆ, ಅಲ್ಲಿಂದ ಅಪ್ಪಣೆ ಬರುತ್ತದೆ, ಚೀಲ ಹಿಂಡುತ್ತದೆ. ಇದಕ್ಕೆ ಪ್ರತಿವರ್ತನೆ ಎಂದು ಹೆಸರು. ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಗುತ್ತಿದ್ದರು, ಹುಡುಗಿಯರು ಪುಸ್ತಕಕ್ಕೆ ತಲೆ ಬಗ್ಗಿಸುತ್ತಿದ್ದರು. "ಯಾಕ್ರೋ, ನಿಮಗಿಲ್ವಾ ಅದು?" ಎಂದು ಕೇಳಿದರೆ ನಗು ನಿಲ್ಲುತ್ತಿತ್ತು. ಸುಲಭದ ಪಾಠ. ಅದರಲ್ಲಿ ಅರ್ಧ ಕಥೆಯೇ ಇಲ್ಲ ಎಂದು ನನಗೆ ಗೊತ್ತಾಗಿದ್ದು ನನ್ನದೇ ಚೀಲ ಕೆಟ್ಟ ಮೇಲೆ.

ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದೇ ಹಾಗೆ ಎಂದುಕೊಂಡು ಉಳಿದ ಕಾಲೇಜಿನವರು ಕಾಲು ಚಾಚಿ ನಿದ್ದೆ ಮಾಡುತ್ತಾರೆ. ಶಾಮನೂರು ಕಡೆಯ ಹೊಸ ಲೇಔಟುಗಳ ನಡುವೆ ಎದ್ದ ಖಾಸಗಿ ಕಾಲೇಜು, ಮುಂದೆಲ್ಲ ಗಾಜು, ಒಳಗೆ ಮೆಟ್ಟಿಲೋ ಮೆಟ್ಟಿಲು. ಗಂಡಸರ ಟಾಯ್ಲೆಟ್ಟು ಪ್ರತಿ ಮಹಡಿಯಲ್ಲೂ ಇತ್ತು. ನಮ್ಮದು ಮಾತ್ರ ನೆಲಮಹಡಿಯಲ್ಲಿ, ಆಫೀಸಿನ ಹಿಂದೆ. ಅಲ್ಲಿಗೆ ಹೋಗಬೇಕೆಂದರೆ ಮೇಲಿನ ಮಹಡಿಯಿಂದ ಇಳಿದು, ಫೀಸು ಕಟ್ಟಲು ಬೆಂಚಿನ ಮೇಲೆ ಕೂತ ಅಪ್ಪಂದಿರ ಮುಂದೆ ಹಾದು ಹೋಗಬೇಕು. ಹೋಗುವಾಗ ಒಂದು ಸಲ ನೋಡುತ್ತಾರೆ, ಬರುವಾಗ ಇನ್ನೊಂದು ಸಲ.

ಅದಕ್ಕೆ ನಮ್ಮ ಸ್ಟಾಫ್ ರೂಮಿನ ಹೆಂಗಸರು ತಮಗೆ ತಾವೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಹೊಸದಾಗಿ ಸೇರಿದವಳಿಗೆ ಮೊದಲ ದಿನವೇ ಹಿರಿಯರು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಿದ್ದರು: "ಮುಂಜಾನೆ ಚಾ ಬಿಟ್ಬಿಡವ್ವಾ. ಇಲ್ಲಿ ನೀರು ಕುಡೀಬ್ಯಾಡ. ಊಟದ ಹೊತ್ತಿಗೆ ಎರಡು ಗುಟುಕು ಸಾಕು. ರೂಢಿ ಆಗ್ತೈತೆ." ನನಗೂ ಹಾಗೇ ಹೇಳಿದ್ದರು, ನನಗೂ ರೂಢಿಯಾಯಿತು. ಸ್ಟೀಲಿನ ಬಾಟಲಿಗಳು ಬೆಳಿಗ್ಗೆ ತುಂಬಿಕೊಂಡು ಬರುತ್ತಿದ್ದವು, ಸಂಜೆ ತುಂಬಿಕೊಂಡೇ ವಾಪಸು ಹೋಗುತ್ತಿದ್ದವು. ಹರಿಹರದ ನಮ್ಮ ಮನೆಗೆ ಹೋಗುವ ಬಸ್ಸಿನಲ್ಲಿ ಕೂತ ಮೇಲೆ ನಾನು ಬಾಟಲಿ ಬಾಯಿಗಿಡುತ್ತಿದ್ದೆ. ಎಂಎಸ್ಸಿ ಮಾಡಿದವರು, ಬಿ.ಎಡ್ ಮಾಡಿದವರು, ಮಕ್ಕಳಿಗೆ ಕಿಡ್ನಿಯ ಚಿತ್ರ ಬರೆದು ಭಾಗಗಳನ್ನು ಗುರುತಿಸಲು ಹೇಳುವವರು, ಎಲ್ಲರೂ ಒಣಗಿದ ಬಾಯಲ್ಲಿ ಪಾಠ ಮಾಡುತ್ತಿದ್ದೆವು. ನೀರು ಕಡಿಮೆ ಕುಡಿದರೆ ತೊಂದರೆ ಕಡಿಮೆ ಎಂದು ನಾವೆಲ್ಲ ನಂಬಿದ್ದೆವು.

ಒಂದು ಬೇಸಿಗೆಯಲ್ಲಿ ನನಗೆ ಮೂತ್ರದ ಸೋಂಕು ತಗುಲಿತು. ಉರಿ, ಜ್ವರ, ಮಾತ್ರೆ. ಜ್ವರ ಇಳಿಯಿತು, ಮಾತ್ರೆ ಮುಗಿಯಿತು, ಪರೀಕ್ಷೆಯಲ್ಲಿ ಸೋಂಕು ಇಲ್ಲವೆಂದು ಬಂತು. ಉರಿ ಮಾತ್ರ ಹೋಗಲಿಲ್ಲ. ಹೋಗಿ ಬಂದು ಸೀರೆ ಸರಿ ಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಅವಸರ. ಹೋದರೆ ನಾಲ್ಕು ಹನಿ. ಹೊಕ್ಕುಳಿನ ಕೆಳಗೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ ನೋವು. ತಡೆದುಕೊಂಡರೆ ನೋವು ಏರುತ್ತಿತ್ತು, ಹೋಗಿ ಬಂದರೆ ಒಂದು ಗಳಿಗೆ ಇಳಿಯುತ್ತಿತ್ತು, ಆಮೇಲೆ ಮತ್ತೆ ಮೊದಲಿನಿಂದ.

ನಾನು ನೋಡಿದ ಮೊದಲ ಡಾಕ್ಟರು ರಿಪೋರ್ಟು ತಿರುವಿ ಹಾಕಿದರು. "ಏನೂ ಇಲ್ಲ ಮೇಡಂ. ಎಲ್ಲಾ ನಾರ್ಮಲ್." ಆಮೇಲೆ ನನ್ನನ್ನು ಬಿಟ್ಟು ನನ್ನ ಗಂಡನ ಕಡೆ ತಿರುಗಿದರು. "ಮನೇಲಿ ಏನಾದ್ರೂ ಟೆನ್ಶನ್ ಐತೇನ್ರಿ? ಎಲ್ಲಾದ್ರೂ ಟ್ರಿಪ್ ಕರ್ಕೊಂಡ್ ಹೋಗಿ ಬರ್ರಿ." ಚೀಲ ನನ್ನದು, ಮಾತು ಅವರಿಬ್ಬರದು. ನನ್ನ ಗಂಡ ಹರಿಹರದಲ್ಲಿ ಲೇತ್ ಮಶೀನಿನ ಕೆಲಸ ಮಾಡುವವರು, ಒಳ್ಳೆಯ ಮನುಷ್ಯ. ಹೊರಗೆ ಬಂದು, "ಕೊಂಡಜ್ಜಿ ಕೆರೆಗಾದ್ರೂ ಹೋಗಿ ಬರೋಣೇನೆ?" ಎಂದರು. ದಾರಿಯಲ್ಲಿ ಟಾಯ್ಲೆಟ್ಟು ಎಲ್ಲಿದೆ ಎಂದು ನಾನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಗಂಡಸರಿಗೆ ಅದು ಗೊತ್ತಿರಬೇಕಾಗಿಯೂ ಇಲ್ಲ.

ಆಮೇಲೆ ಸ್ಕ್ಯಾನಿಂಗ್. ಆ ಸೆಂಟರಿನ ಕೌಂಟರಿನಲ್ಲಿದ್ದ ಹುಡುಗಿ ನೀರಿನ ಬಾಟಲಿ ಕೈಗೆ ಕೊಟ್ಟು, "ಕುಡೀರಿ. ಫುಲ್ ಆದ ಮೇಲೆ ಹೇಳ್ರಿ, ಕರೀತೀವಿ" ಎಂದಳು. ಕುಡಿದೆ. ಅರ್ಧ ಬಾಟಲಿಗೇ ತಡೆಯಲಾಗಲಿಲ್ಲ, ಹೋಗಿ ಬಂದೆ. ಅವಳು ಮತ್ತೆ ಬಾಟಲಿ ಕೊಟ್ಟಳು. ಮತ್ತೆ ಕುಡಿದೆ, ಮತ್ತೆ ಹೋದೆ. "ಏನ್ ಮೇಡಂ ನೀವು, ಅಷ್ಟೂ ತಡಕೊಳ್ಳಾಕ್ ಆಗಲ್ವಾ? ಸಣ್ಣ ಮಕ್ಕಳಾದ್ರೂ ತಡಕೋತಾವೆ" ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ತಡೆದುಕೊಳ್ಳಲು ಆಗುತ್ತಿದ್ದರೆ ನಾನು ಅಲ್ಲಿಗೆ ಯಾಕೆ ಬರುತ್ತಿದ್ದೆ? ಅದನ್ನೇ ಅವಳಿಗೆ ಕೇಳಿದೆ. ಕೇಳಿದ ದನಿಗೆ, ಪಕ್ಕದಲ್ಲಿ ಕಾಯುತ್ತಿದ್ದ ಬಸುರಿ ಹೆಂಗಸೊಬ್ಬಳು ಬೆಚ್ಚಿಬಿದ್ದಳು. ಸ್ಕ್ಯಾನಿಂಗ್ ಆ ದಿನ ಆಗಲಿಲ್ಲ.

ಮನೆಯಲ್ಲಿ ನನ್ನ ಅತ್ತೆಯದು ಬೇರೆ ಲೆಕ್ಕಾಚಾರ. "ಉಷ್ಣ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಬಾರ್ಲಿ ನೀರು, ಜೀರಿಗೆ ನೀರು, ನೆನೆಸಿದ ಕಾಮಕಸ್ತೂರಿ ಬೀಜ, ಒಂದಾದ ಮೇಲೊಂದು ಲೋಟ ನನ್ನ ಮುಂದೆ ಬರುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಬಚ್ಚಲಿಗೆ ಹೋಗಿ ಬಂದರೆ ಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ, ಅದು ಅವರ ನಿಯಮ. ತೊಟ್ಟಿಯ ತಣ್ಣೀರು ಪಾದಕ್ಕೆ ಬಿದ್ದ ಕೂಡಲೇ ನನಗೆ ಮತ್ತೆ ಅವಸರವಾಗುತ್ತಿತ್ತು. ಮತ್ತೆ ಹೋಗಬೇಕು, ಮತ್ತೆ ತೊಳೆಯಬೇಕು. ಚಳಿಗಾಲದ ಮುಂಜಾನೆಗಳಲ್ಲಿ ನಾನು ಬಚ್ಚಲಿನ ಬಾಗಿಲಿಗೂ ತೊಟ್ಟಿಗೂ ನಡುವೆ ಗಾಣದೆತ್ತಿನ ಹಾಗೆ ತಿರುಗುತ್ತಿದ್ದೆ. "ಮತ್ತೆ ಹೋದೇನೇ?" ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದರು. ಒಂದು ದಿನ ನಾನು ಚೊಂಬನ್ನು ಗೋಡೆಗೆ ಎಸೆದೆ. ಅವರು ಬಂದು ಚೊಂಬು ಎತ್ತಿ ಸೆರಗಿನಿಂದ ಒರೆಸಿ ಮತ್ತೆ ಅಲ್ಲೇ ಇಟ್ಟರು.

ನನ್ನ ಮಾತನ್ನು ಮೊದಲು ನಂಬಿದವಳು ಕೆಮಿಸ್ಟ್ರಿ ಮೇಡಂ. ಅವಳೂ ಹರಿಹರದವಳೇ. ಅವಳ ಅಪ್ಪನಿಗೆ ಅಲ್ಲಿ ಟ್ರಂಕು ಮಾಡುವ ಅಂಗಡಿಯಿತ್ತು. ಮನೆಯಲ್ಲಿ ಉರ್ದು, ಹೊರಗೆ ನನಗಿಂತ ಚೆಂದದ ಕನ್ನಡ. ಬಸ್ಸಿನಲ್ಲಿ ನನ್ನ ಮುಖ ನೋಡಿ, "ಅಕ್ಕಾ, ಟೆನ್ಶನ್ ಅಂತ ಯಾರಂದ್ರು ನಿಮಗೆ? ಟೆನ್ಶನ್‌ಗೆ ಯಾರಾದ್ರೂ ಹಿಂಗೆ ಬೆವೀತಾರಾ?" ಎಂದಳು. ಕೊನೆಗೂ ಒಬ್ಬ ಹೆಣ್ಣುಮಗಳು ನನ್ನ ನೋವು ನಿಜ ಎಂದು ಒಪ್ಪಿಕೊಂಡಳು. ಬಸ್ಸಿನಲ್ಲೇ ಅತ್ತುಬಿಟ್ಟೆ. ಅವಳೇ ವಿಚಾರಿಸಿ, ದಾವಣಗೆರೆಗೆ ಹೊಸದಾಗಿ ಬಂದಿದ್ದ ಒಬ್ಬ ಲೇಡಿ ಡಾಕ್ಟರನ್ನು ಪತ್ತೆ ಮಾಡಿದಳು. ಮೂತ್ರಾಂಗಗಳದೇ ತಜ್ಞೆ, ಮೈಸೂರು ಕಡೆಯವರು.

ಆ ಡಾಕ್ಟರು ರಿಪೋರ್ಟನ್ನು ಪಕ್ಕಕ್ಕಿಟ್ಟು ನನ್ನನ್ನು ಕೇಳಿದರು. ಎಷ್ಟು ನೀರು ಕುಡಿಯುತ್ತೀರಿ, ಎಲ್ಲಿ ಕೆಲಸ, ಟಾಯ್ಲೆಟ್ಟು ಎಷ್ಟು ದೂರ. ಟಾಯ್ಲೆಟ್ಟು ಎಷ್ಟು ದೂರ ಎಂದು ಅದುವರೆಗೆ ಒಬ್ಬ ಡಾಕ್ಟರೂ ನನ್ನನ್ನು ಕೇಳಿರಲಿಲ್ಲ. ನಾನು ಜೀವಶಾಸ್ತ್ರದವಳು ಎಂದು ತಿಳಿದ ಮೇಲೆ ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಮಕ್ಕಳಿಗೆ ಏನು ಹೇಳ್ಕೊಡ್ತೀರಿ? ನರ ಸುದ್ದಿ ಒಯ್ಯುತ್ತೆ ಅಂತ, ಅಲ್ವಾ? ಕೆಲವು ಸಣ್ಣ ನರಗಳು ಬರೀ ಸುದ್ದಿ ಒಯ್ಯಲ್ಲ. ಇದ್ದ ಜಾಗದಲ್ಲೇ ತಮ್ಮ ತುದಿಯಿಂದ ಪೆಪ್ಟೈಡ್ ಬಿಡ್ತವೆ."

ಪೆಪ್ಟೈಡ್ ಎಂದರೆ ಪ್ರೋಟೀನಿನ ಪುಟ್ಟ ತುಣುಕು. ಅಂಥದ್ದೊಂದಕ್ಕೆ ‘ಸಬ್‌ಸ್ಟೆನ್ಸ್ ಪಿ’ ಎಂದು ಹೆಸರು. ನರದ ತುದಿಯಿಂದ ಅದು ಹೊರಬಿದ್ದರೆ ಸುತ್ತಲಿನ ಸಣ್ಣ ರಕ್ತನಾಳಗಳು ಸಡಿಲಗೊಂಡು ಸೋರುತ್ತವೆ, ಮೂತ್ರಕೋಶದ ಗೋಡೆ ಬಾತುಕೊಳ್ಳುತ್ತದೆ, ಅಲ್ಲಿನ ರಕ್ಷಣಾ ಜೀವಕೋಶಗಳು ಕೆರಳಿ ತಮ್ಮಲ್ಲಿದ್ದ ರಾಸಾಯನಿಕಗಳನ್ನು ಚೆಲ್ಲುತ್ತವೆ. ಆ ರಾಸಾಯನಿಕಗಳು ಮತ್ತೆ ಅದೇ ನರವನ್ನು ಕೆಣಕುತ್ತವೆ, ಕೆಣಕಿಸಿಕೊಂಡ ನರ ಇನ್ನಷ್ಟು ಪೆಪ್ಟೈಡ್ ಬಿಡುತ್ತದೆ. ಬೆಂಕಿ ಬಿದ್ದಿದೆ ಎಂದು ಹೇಳಲು ಓಡಿದವನೇ ಹೋಗುತ್ತಾ ಬಣವೆಗೆ ಕೊಳ್ಳಿ ಇಟ್ಟ ಹಾಗೆ. ಅದೇ ನರದ ಇನ್ನೊಂದು ತುದಿ ಬೆನ್ನುಹುರಿಯಲ್ಲಿದೆ. ಅಲ್ಲೂ ಅದು ಪೆಪ್ಟೈಡ್ ಬಿಡುತ್ತದೆ, ಅಲ್ಲಿನ ಕೋಶಗಳು ಪಿಸುಮಾತನ್ನೂ ಕೂಗೆಂದು ಕೇಳಲು ಶುರುಮಾಡುತ್ತವೆ. ಆರೋಗ್ಯವಾಗಿದ್ದಾಗ ಚೀಲ ತುಂಬಿದ ಸುದ್ದಿಯನ್ನು ಒಯ್ಯುವ ನರಗಳೇ ಬೇರೆ. ಈ ಸಣ್ಣವು ಹೆಚ್ಚುಕಡಿಮೆ ಸುಮ್ಮನೆ ಬಿದ್ದಿರುತ್ತವೆ. ಉರಿಯೂತ ಅವನ್ನು ಎಬ್ಬಿಸುತ್ತದೆ. ಎದ್ದ ಮೇಲೆ ಚೀಲದಲ್ಲಿ ಅರ್ಧ ಲೋಟವಿದ್ದರೂ ತುಂಬಿ ತುಳುಕಿದಾಗಿನ ಪ್ರತಿವರ್ತನೆಯೇ ನಡೆಯುತ್ತದೆ.

"ಸೋಂಕು ಹೋಗಿದೆ, ಅದಕ್ಕೇ ರಿಪೋರ್ಟ್ ನಾರ್ಮಲ್. ನಿಮ್ಮ ನರಗಳು ಮಾತ್ರ ಇನ್ನೂ ಸುಮ್ಮನಾಗಿಲ್ಲ. ಎಲ್ಲರಲ್ಲೂ ಹೀಗೇ ಅಂತ ಹೇಳಕ್ಕಾಗಲ್ಲ, ಇನ್ನೂ ಗೊತ್ತಿಲ್ಲದ್ದು ಬೇಕಾದಷ್ಟಿದೆ. ಆದರೆ ಇದು ನಾಟಕ ಅಲ್ಲ" ಎಂದರು ಡಾಕ್ಟರು. ಆಮೇಲೆ ನೀರಿನ ವಿಷಯಕ್ಕೆ ಬಂದರು. ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗುತ್ತದೆ, ಮೊದಲೇ ಕೆರಳಿದ ಗೋಡೆಗೆ ಅದು ಗಾಯಕ್ಕೆ ಉಪ್ಪು ಹಚ್ಚಿದಂತೆ. ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರಬೇಕು. ಮಾತ್ರೆ ಇದೆ, ತಡೆಯುವ ಹೊತ್ತನ್ನು ನಿಧಾನವಾಗಿ ಹೆಚ್ಚಿಸುವ ಅಭ್ಯಾಸವಿದೆ, ತಿಂಗಳುಗಟ್ಟಲೆ ಬೇಕು. ಮೆಣಸಿನಕಾಯಿಯ ಖಾರವನ್ನು ಹಿಡಿಯುವುದೂ ಇದೇ ಜಾತಿಯ ನರ, ಕೆಲವರಿಗೆ ಖಾರ ತಿಂದರೆ ಜಾಸ್ತಿಯಾಗುತ್ತದೆ ಎಂದರು. ಸಂಜೆ ಮಂಡಕ್ಕಿ ಜೊತೆ ಮಿರ್ಚಿ ಕಡಿಯದ ದಾವಣಗೆರೆಯವರು ಉಂಟೇ? ನಾನು ಆ ದಿನವೇ ಬಿಟ್ಟೆ. ಇವತ್ತಿಗೂ ಮಿರ್ಚಿ ಕರಿಯುವ ಅಂಗಡಿಯ ಮುಂದೆ ಹಾದರೆ ನನಗೆ ಅಳು ಬರುತ್ತದೆ, ಅದನ್ನು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಕ್ಲಿನಿಕ್ಕಿನಿಂದ ಹೊರಗೆ ಬಂದಾಗ ನನಗೆ ಸಮಾಧಾನವಾಗಬೇಕಿತ್ತು. ಆಗಿದ್ದು ಸಿಟ್ಟು. ಟ್ರಿಪ್ಪಿಗೆ ಕರೆದುಕೊಂಡು ಹೋಗಿ ಎಂದ ಡಾಕ್ಟರ ಮೇಲೆ, ಸಣ್ಣ ಮಕ್ಕಳಾದರೂ ತಡೆಯುತ್ತವೆ ಎಂದ ಹುಡುಗಿಯ ಮೇಲೆ, ಗಾಜು ಹಾಕಿಸಲು ದುಡ್ಡಿದ್ದು ಒಂದು ಟಾಯ್ಲೆಟ್ಟಿಗೆ ಮನಸ್ಸಿಲ್ಲದ ಕಾಲೇಜಿನ ಮೇಲೆ. ನನ್ನ ನರಗಳ ಮೇಲೂ. ಮನೆಗೆ ಬಂದು ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆ. ಪೆಪ್ಟೈಡ್ ಅವರಿಗೆ ಎಷ್ಟು ತಿಳಿಯಿತೋ, ಕಾಲಿಗೆ ತಣ್ಣೀರು ಬಿದ್ದರೆ ನನಗೆ ಅವಸರವಾಗುತ್ತದೆ ಎಂಬುದು ಮಾತ್ರ ತಿಳಿಯಿತು. ಮರುದಿನ ಬಚ್ಚಲಿನ ಹತ್ತಿರ ಬಿಸಿನೀರಿನ ಪಾತ್ರೆ ಮುಚ್ಚಿಟ್ಟಿತ್ತು. "ಬೆಚ್ಚಗಿನ ನೀರು ಇಟ್ಟೀನಿ. ಕಾಲು ಮಾತ್ರ ತೊಳೀಲೇಬೇಕು ನೋಡು" ಎಂದರು.

ಕಾಲೇಜಿನಲ್ಲಿ ನನಗೆ ಅನುಕೂಲ ಮಾಡಿಕೊಟ್ಟದ್ದು ಕೆಮಿಸ್ಟ್ರಿ ಮೇಡಂ. ನಮ್ಮಿಬ್ಬರ ತರಗತಿಗಳು ಅಕ್ಕಪಕ್ಕ. ಪಾಠದ ನಡುವೆ ನನಗೆ ತಡೆಯಲಾಗದಿದ್ದರೆ ಡಸ್ಟರಿನಿಂದ ಗೋಡೆಗೆ ಎರಡು ಸಲ ಬಡಿಯುತ್ತಿದ್ದೆ. ಅವಳು ತನ್ನ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟು, ಹೊರಗೆ ಬಂದು, ಎರಡೂ ಬಾಗಿಲುಗಳ ನಡುವೆ ನಿಂತು ಎರಡೂ ತರಗತಿಗಳನ್ನು ಕಾಯುತ್ತಿದ್ದಳು. ನಾನು ಮಕ್ಕಳಿಗೆ ಒಂದು ಚಿತ್ರ ಬರೆಯಲು ಹೇಳಿ ಹೊರಡುತ್ತಿದ್ದೆ. ಹೋಗಿ ಬರುವಷ್ಟರಲ್ಲಿ ಚಿತ್ರ ಮುಗಿದಿರುತ್ತಿತ್ತು. ಒಂದು ದಿನವೂ ಗಲಾಟೆಯಾಗಲಿಲ್ಲ, ಒಂದು ಪಾಠವೂ ನಿಲ್ಲಲಿಲ್ಲ. ನೀರು ಕುಡಿಯುತ್ತಿದ್ದೆ, ಮಾತ್ರೆ ನುಂಗುತ್ತಿದ್ದೆ, ನಿಧಾನಕ್ಕೆ ಗೋಡೆ ಬಡಿಯುವುದೂ ಕಡಿಮೆಯಾಗುತ್ತಿತ್ತು. ಬದುಕು ಮತ್ತೆ ನನ್ನ ಕೈಗೆ ಬರುತ್ತಿದೆ ಎನ್ನಿಸಿತ್ತು.

ಆದರೆ ಪ್ರಿನ್ಸಿಪಾಲರ ಕೋಣೆಯಲ್ಲಿ ಸಿಸಿ ಕ್ಯಾಮೆರಾದ ಪರದೆಯಿತ್ತು. ಅವರು ನಮ್ಮಿಬ್ಬರನ್ನೂ ಕರೆಸಿದರು. "ಏನಿದು? ಒಬ್ರು ಕ್ಲಾಸ್ ಬಿಟ್ಟು ಇಳೀತೀರಿ, ಇನ್ನೊಬ್ರು ಕ್ಲಾಸ್ ಬಿಟ್ಟು ವಾಚ್‌ಮನ್ ಕೆಲಸ ಮಾಡ್ತೀರಿ. ಪೇರೆಂಟ್ಸ್ ನೋಡಿದ್ರೆ ನಾನೇನ್ ಹೇಳ್ಲಿ?" ನಾನು ವಿಷಯ ಹೇಳಿದೆ. ಅವರು ಅಂಗೈ ಎತ್ತಿ ತಡೆದರು. "ಬ್ಯಾಡ ಬ್ಯಾಡ, ಡೀಟೇಲ್ಸ್ ನನಗೆ ಬ್ಯಾಡ. ಕಮಿಟಿ ಮುಂದೆ ಹೇಳ್ರಿ." ಡೀಟೇಲ್ಸ್ ಬೇಡವಂತೆ. ಡೀಟೇಲ್ಸಿನಲ್ಲೇ ನಾನು ಸಾಯುತ್ತಿದ್ದೆ. ಹೊರಗೆ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಯಾರೋ ಪಿಸುಗುಟ್ಟಿದರು, ಪಾಠ ಮಾಡಲು ಯೋಗ್ಯಳಲ್ಲ ಎಂದು ತೀರ್ಮಾನಿಸಿ ನನ್ನನ್ನು ತರಗತಿಯಿಂದಲೇ ತೆಗೆಯುತ್ತಾರಂತೆ ಎಂದು. ತರಗತಿ ಹೋದರೆ ನನಗೆ ಉಳಿಯುವುದೇನು? ನನಗೆ ಬರುವುದು ಅದೊಂದೇ. ಸೀಮೆಸುಣ್ಣ ಹಿಡಿದಾಗ ಮಾತ್ರ ನಾನು ನೋವನ್ನು ಮರೆಯುತ್ತಿದ್ದೆ.

ಕಮಿಟಿ ಎಂದರೆ ಕಾಲೇಜು ನಡೆಸುವ ಊರಿನ ಹಿರಿಯರು. ಅಡಿಕೆ ಮಂಡಿಯವರು, ಜವಳಿ ಅಂಗಡಿಯವರು, ಲೋಕಿಕೆರೆ ಕಡೆ ತೋಟ ಗದ್ದೆ ಇದ್ದವರು. ಇಸ್ತ್ರಿಯ ಬಿಳಿ ಅಂಗಿ, ಹಣೆಗೆ ವಿಭೂತಿ, "ಬರ್ರಿ ಅಮ್ಮಾ, ಕೂಡ್ರಿ" ಎನ್ನುವ ಮರ್ಯಾದೆ. ಮರ್ಯಾದೆಯಲ್ಲಿ ಒಬ್ಬರೂ ಕಡಿಮೆಯಿರಲಿಲ್ಲ. ಕೋಣೆಯಲ್ಲೊಂದು ಬಿಳಿ ಬೋರ್ಡಿತ್ತು. ನಾನು ಕೂರಲಿಲ್ಲ. ಪೆನ್ನು ಎತ್ತಿಕೊಂಡು ಮಕ್ಕಳಿಗೆ ಬರೆಯುವ ಅದೇ ಚೀಲವನ್ನು ಬರೆದೆ. ನರ ಬರೆದೆ, ಬೆನ್ನುಹುರಿ ಬರೆದೆ, ನರದ ತುದಿಯಲ್ಲಿ ಪೆಪ್ಟೈಡಿನ ಚುಕ್ಕಿಗಳನ್ನಿಟ್ಟೆ. ಹೀಗೆ ಬಾತುಕೊಳ್ಳುತ್ತದೆ, ಹೀಗೆ ಸುದ್ದಿ ಹೋಗುತ್ತದೆ, ಅರ್ಧ ಲೋಟಕ್ಕೇ ಹೀಗೆ ಹಿಂಡುತ್ತದೆ, ಇದು ಹಟವಲ್ಲ, ಸೋಮಾರಿತನವಲ್ಲ, ಪ್ರತಿವರ್ತನೆ ಎಂದೆ. ಒಬ್ಬರು ಮೊಬೈಲು ನೋಡಲು ಶುರುಮಾಡಿದರು. ಇನ್ನೊಬ್ಬರು ಚಾ ತರಲು ಹೇಳಿದರು. ಜವಳಿ ಅಂಗಡಿಯ ಹಿರಿಯರೊಬ್ಬರು, ಅವರೇ ಕಮಿಟಿಯ ಕಾರ್ಯದರ್ಶಿ, ಮೇಜಿನ ಗಾಜನ್ನೇ ನೋಡುತ್ತಾ ಕೂತಿದ್ದರು.

"ಮೇಡಂ, ಲೇಡೀಸ್ ಪ್ರಾಬ್ಲಮ್ ಅಂತ ಒಂದ್ ಮಾತು ಹೇಳಿದ್ರೆ ಸಾಕಿತ್ತು. ಇಷ್ಟೆಲ್ಲಾ ಯಾಕ?" ಎಂದರು ಪ್ರಿನ್ಸಿಪಾಲರು.

"ಇದು ಲೇಡೀಸ್ ಪ್ರಾಬ್ಲಮ್ ಅಲ್ಲ ಸಾರ್. ಈ ಚೀಲ ನಿಮಗೂ ಐತೆ. ಲೇಡೀಸ್ ಪ್ರಾಬ್ಲಮ್ ಅಂದ್ರೆ ಮೇಲಿನ ಮಹಡೀಲಿ ಟಾಯ್ಲೆಟ್ ಇಲ್ಲದ್ದು."

ನಾನು ಎರಡನ್ನು ಕೇಳಿದೆ. ಕೆಮಿಸ್ಟ್ರಿ ಮೇಡಂ ಜೊತೆಗಿನ ಏರ್ಪಾಡು ಹಾಗೇ ಇರಲಿ. ಮೇಲಿನ ಮಹಡಿಯಲ್ಲಿ ಹೆಂಗಸರಿಗೊಂದು ಟಾಯ್ಲೆಟ್ಟಾಗಲಿ. "ಆಯ್ತಮ್ಮಾ, ಹೊರಗೆ ಕೂಡ್ರಿ. ಚರ್ಚೆ ಮಾಡ್ತೀವಿ" ಎಂದರು.

ಹೊರಗಿನ ಪಡಸಾಲೆಯಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಜವಳಿ ಅಂಗಡಿಯ ಹಿರಿಯರು ಬಂದರು. ಹಿಂದೆ ಬಾಗಿಲನ್ನು ಎಚ್ಚರದಿಂದ ಎಳೆದುಕೊಂಡರು.

"ಅಮ್ಮಾ, ಒಂದ್ ಮಾತು. ಆ ಡಾಕ್ಟ್ರು ಎಲ್ಲಿ ಕೂಡ್ತಾರೆ?"

ನನಗೆ ಅರ್ಥವಾಗಲಿಲ್ಲ. ಅವರು ದನಿ ಇಳಿಸಿದರು. "ನನ್ನ ಮಗಳಿಗೂ ಹಿಂಗೇ ಐತಮ್ಮಾ. ನೀವು ಒಳಗೆ ಹೇಳಿದ್ದು ಒಂದಕ್ಷರ ಬಿಡದಂಗೆ ಹಂಗೇ ಐತೆ. ಟೆಸ್ಟೆಲ್ಲಾ ನಾರ್ಮಲ್ ಅಂತಾರೆ. ಬೀಗರು ನಾಟಕ ಅಂದ್ರು, ಹುಚ್ಚು ಅಂದ್ರು, ತಂದು ಮನೇಲಿ ಬಿಟ್ಟು ಹೋದ್ರು. ಮನೆಯಿಂದ ಹೊರಗೇ ಬರಲ್ಲ ಹುಡುಗಿ." ಅವರ ಕಣ್ಣು ತುಂಬಿತ್ತು. ಆ ಕಣ್ಣೀರು ನಿಜದ್ದು, ಅದನ್ನು ನಾನು ಇವತ್ತಿಗೂ ಅನುಮಾನಿಸುವುದಿಲ್ಲ.

"ಹಂಗಾದ್ರೆ ಒಳಗೆ ಹೋಗಿ ಇದನ್ನೇ ಹೇಳ್ರಿ" ಎಂದೆ. "ನನ್ನ ಮಗಳಿಗೂ ಐತೆ, ಈಯಮ್ಮ ಹೇಳೋದು ಖರೇ ಅಂತ ಹೇಳ್ರಿ. ನಿಮ್ಮ ಮಾತು ಅಂದ್ರೆ ಕೇಳ್ತಾರೆ."

"ಹೆಂಗೆ ಹೇಳ್ಲಿ ಅಮ್ಮಾ? ಊರ ತುಂಬಾ ಆಗ್ತೈತೆ. ಮಗಳ ಸಂಸಾರದ ಪ್ರಶ್ನೆ."

ನನ್ನ ಸಂಸಾರ, ನನ್ನ ಅನ್ನ, ನನ್ನ ತರಗತಿ ಒಳಗೆ ಮೇಜಿನ ಮೇಲಿತ್ತು. ಡಾಕ್ಟರ ವಿಳಾಸ ಹೇಳುವುದಿಲ್ಲ ಎಂದುಬಿಡಬೇಕು ಎನ್ನಿಸಿತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮನೆಯಿಂದ ಹೊರಗೇ ಬಾರದೆ ಕೂತ ಹುಡುಗಿ ಏನು ತಪ್ಪು ಮಾಡಿದ್ದಾಳೆ? ವಿಳಾಸ ಹೇಳಿದೆ, ಯಾವ ಹೊತ್ತಿಗೆ ಹೋದರೆ ಜನ ಕಡಿಮೆ ಎಂದೂ ಹೇಳಿದೆ. ಅವರು ಕೈ ಮುಗಿದು ಒಳಗೆ ಹೋದರು.

ನನ್ನನ್ನು ಮತ್ತೆ ಒಳಗೆ ಕರೆದಾಗ ಬೋರ್ಡಿನ ಮೇಲಿನ ಚೀಲವನ್ನು ಯಾರೋ ಒರೆಸಿದ್ದರು. ತೀರ್ಮಾನವನ್ನು ಹೇಳಿದ್ದು ಕಾರ್ಯದರ್ಶಿಗಳೇ, ಈಗಷ್ಟೇ ಹೊರಗೆ ನನ್ನೆದುರು ಕಣ್ಣೊರೆಸಿಕೊಂಡವರು. ಎಲ್ಲರೂ ಒಮ್ಮತದಿಂದ ಒಪ್ಪಿದ್ದಾರೆ ಎಂದರು. ನನ್ನ ಆರೋಗ್ಯದ ದೃಷ್ಟಿಯಿಂದ ತರಗತಿಗಳನ್ನು ಬೇರೆಯವರಿಗೆ ಕೊಡುವುದು, ನಾನು ಅಡ್ಮಿಷನ್ ಕೌಂಟರಿನಲ್ಲಿ ಕೂರುವುದು. ಕೆಮಿಸ್ಟ್ರಿ ಮೇಡಂಗೆ ಇನ್ನೊಂದು ಬ್ಲಾಕಿನಲ್ಲಿ ತರಗತಿ. ಟಾಯ್ಲೆಟ್ಟಿನ ವಿಷಯ ಮುಂದೆ ನೋಡೋಣ.

"ಕೌಂಟರು ಟಾಯ್ಲೆಟ್ಟಿಗೆ ಹತ್ರನೇ ಐತಲ್ಲಮ್ಮಾ. ನಿಮಗೇ ಅನುಕೂಲ" ಎಂದರು ಅವರು. ನಿಮಗೇ ಅನುಕೂಲ! ಬೈದಿದ್ದರೆ ಬೈಗುಳಕ್ಕೆ ಉತ್ತರ ಕೊಡುತ್ತಿದ್ದೆ. ಆ ಮೃದು ಮಾತಿಗೆ ನಾನು ಮಾಡಿದ್ದು ಇಷ್ಟೇ, ಅವರು ತರಿಸಿಕೊಟ್ಟ ಚಾ ಮುಟ್ಟದೆ ಹೊರಗೆ ಬಂದೆ.

ರಾಜೀನಾಮೆ ಕೊಡಲಿಲ್ಲ. ಕೊಡಲಿ ಎಂದೇ ಅವರು ಕಾಯುತ್ತಿದ್ದರು, ಅದಕ್ಕೇ ಕೊಡಲಿಲ್ಲ. ಕೌಂಟರಿನಲ್ಲಿ ಕೂತೆ. ಮೇಲಿನ ಮಹಡಿಯಲ್ಲಿ ನನ್ನ ಮಕ್ಕಳಿಗೆ ಯಾರೋ ಹೊಸಬ ಪಾಠ ಮಾಡುತ್ತಿದ್ದ. ಮೆಟ್ಟಿಲಿಳಿದು ಬರುವ ಹುಡುಗಿಯರು, "ಮೇಡಂ, ಯಾವಾಗ ಬರ್ತೀರಿ ಕ್ಲಾಸಿಗೆ?" ಎಂದು ಕೇಳುತ್ತಿದ್ದರು. ಅವರೂ ನೀರು ಕುಡಿಯುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಕೌಂಟರಿನ ಮೇಲೆ ಬಾಟಲಿ ಇಟ್ಟುಕೊಂಡು ಎಲ್ಲರೆದುರು ಕುಡಿಯುತ್ತಿದ್ದೆ, ಎಲ್ಲರೆದುರು ಎದ್ದು ಹೋಗುತ್ತಿದ್ದೆ, ಬೆಂಚಿನ ಮೇಲಿನ ಅಪ್ಪಂದಿರು ನೋಡಿದರೆ ನಾನೂ ಅವರನ್ನೇ ನೋಡುತ್ತಾ ಹೋಗುತ್ತಿದ್ದೆ. ನರಗಳು ನಿಧಾನವಾಗಿ ಸುಮ್ಮನಾಗುತ್ತಿದ್ದವು. ಸಿಟ್ಟು ಸುಮ್ಮನಾಗಲಿಲ್ಲ.

ಕೆಲವು ತಿಂಗಳ ನಂತರ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಹಾಲಿನ ತುಂಬ ಹೆಂಗಸರು. ಒಂದು ಕುರ್ಚಿಯಾಚೆ ಕೂತಿದ್ದ ಎಳೆ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ನಡುವಿನ ಕುರ್ಚಿಯ ಮೇಲೆ ಅವಳ ಬ್ಯಾಗಿತ್ತು.

"ನೀವು ಬಯಾಲಜಿ ಮೇಡಂ ಅಲ್ವೇನ್ರಿ?" ಎಂದು ಕೇಳಿದಳು. ತನ್ನ ಅಪ್ಪ ಯಾರೆಂದು ಹೇಳಿದಳು. ಜವಳಿ ಅಂಗಡಿಯ ಹಿರಿಯರ ಮಗಳು. "ಅಪ್ಪಾಜಿ ಮೊಬೈಲಲ್ಲಿ ಕಾಲೇಜಿನ ಗ್ರೂಪ್ ಫೋಟೋ ತೋರಿಸಿದ್ರು. ನಿಮ್ಮಿಂದನೇ ಈ ಡಾಕ್ಟ್ರು ಸಿಕ್ಕಿದ್ದು. ಈಗ ಎಷ್ಟೋ ವಾಸಿ ಐತ್ರಿ. ಆ ಮೇಡಂ ಅಷ್ಟು ಗಂಡಸ್ರ ಮುಂದೆ ಬೋರ್ಡ್ ಮೇಲೆ ಬರ್ದು ಹೇಳಿದ್ರು, ಅಂಥ ಧೈರ್ಯ ನಿನಗೂ ಬರ್ಲಿ ಅಂತ ಅಪ್ಪಾಜಿ ದಿನಾ ಹೇಳ್ತಾರೆ."

ನನ್ನ ಧೈರ್ಯವನ್ನು ಆ ಮನುಷ್ಯ ಮನೆಗೆ ಒಯ್ದು ಮಗಳಿಗೆ ಔಷಧಿಯಂತೆ ಕೊಡುತ್ತಿದ್ದ.

"ಈಗ ಯಾವ ಕ್ಲಾಸಿಗೆ ಪಾಠ ಮಾಡ್ತೀರಿ ಮೇಡಂ?"

"ಯಾವ ಕ್ಲಾಸಿಗೂ ಇಲ್ಲ."

"ಯಾಕ್ರಿ?"

ಹೇಳಬಾರದು ಎಂದು ಒಂದು ಗಳಿಗೆ ಅನ್ನಿಸಿತು. ಅಪ್ಪ ಮಗಳ ನಡುವೆ ನಾನೇಕೆ ಬರಲಿ? ಆದರೆ ಎಲ್ಲರೂ ಹೀಗೆ ಯಾರದೋ ಮಾನ ಕಾಯಲು ಬಾಯಿ ಮುಚ್ಚಿಕೊಂಡದ್ದಕ್ಕೇ ಅಲ್ಲವೇ ನಾನು ಅಲ್ಲಿ ಕೌಂಟರಿನಲ್ಲಿ ಕೂತಿದ್ದು? ಹೇಳಿದೆ. ಗೋಡೆಗೆ ಡಸ್ಟರು ಬಡಿದದ್ದು, ಕ್ಯಾಮೆರಾ, ಕಮಿಟಿ, ಎಲ್ಲವನ್ನೂ ಹೇಳಿದೆ. ಅವಳ ಅಪ್ಪ ಬಾಗಿಲು ಎಳೆದುಕೊಂಡು ಹೊರಗೆ ಬಂದ ಜಾಗಕ್ಕೆ ನನ್ನ ಮಾತು ಬಂದಾಗ ಅವಳು ಥಟ್ಟನೆ ಎದ್ದಳು. ಹೊರಟುಹೋದಳು ಎಂದುಕೊಂಡೆ. ಟಾಯ್ಲೆಟ್ಟಿಗೆ ಹೋಗಿದ್ದಳು. ಬಂದು ಕೂತು, "ಹೂಂ, ಮುಂದೆ ಹೇಳ್ರಿ" ಎಂದಳು. ನಾನು ಮುಂದುವರಿಸಿದೆ. ಒಮ್ಮತದ ತೀರ್ಮಾನದವರೆಗೆ ಬಂದಾಗ ನಾನೂ ಎದ್ದು ಹೋಗಿ ಬರಬೇಕಾಯಿತು. ಅವಳು ಕಾದಳು. ನಿಮಗೇ ಅನುಕೂಲ ಎಂಬ ಮಾತನ್ನು ಯಾರು ಹೇಳಿದ್ದು ಎಂದು ಅವಳು ಎರಡನೆಯ ಸಲ ಕೇಳಿದಳು. ಎರಡನೆಯ ಸಲವೂ ಅದೇ ಉತ್ತರ ಕೊಟ್ಟೆ.

ಅವಳು ಬ್ಯಾಗಿನಿಂದ ಮೊಬೈಲು ತೆಗೆದು, ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಅಪ್ಪನಿಗೆ ಫೋನು ಹಚ್ಚಿದಳು.

"ಅಪ್ಪಾಜಿ, ಕಾರು ಬಿಟ್ಟು ಒಳಗೆ ಬರ್ರಿ."

ಆ ಕಡೆಯಿಂದ ಅವರು ಏನೋ ಹೇಳಿದರು. ಅವಳು ತಲೆಯೆತ್ತಿ ಹಾಲಿನಲ್ಲಿ ಕೂತವರನ್ನೆಲ್ಲ ಒಮ್ಮೆ ನೋಡಿದಳು.

"ಹೌದ್ರಿ, ಬರೀ ಹೆಂಗಸ್ರೇ ಅದೀವಿ" ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಅದಕ್ಕೇ ಬರ್ರಿ."

ಮೊಬೈಲನ್ನು ಒಳಗೆ ಹಾಕಿ, ನಮ್ಮಿಬ್ಬರ ನಡುವಿನ ಕುರ್ಚಿಯ ಮೇಲಿದ್ದ ಬ್ಯಾಗನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.